ತಾತನ ಸೊಲ್ಲು, ಅವ್ವನ ಹಿಡಿ ಅಕ್ಕಿ

ನನ್ನ ತಾತನಿಗೆ ಓದು ಬರಹ ಬರುತ್ತಿರಲಿಲ್ಲ. ನೋಟಿನ ಬಣ್ಣ ನೋಡಿ ಬೆಲೆ ತಿಳಿಯುತ್ತಿದ್ದರು, ಬಸ್ಸು ಯಾವ ಊರಿನದೆಂದು ಪಕ್ಕದವರನ್ನು ಕೇಳಿ ಹತ್ತುತ್ತಿದ್ದರು. ಅಂಥವರ ನಾಲಗೆಯ ಮೇಲೆ ಮಂಟೇಸ್ವಾಮಿ ಕಾವ್ಯ ಸಾಲಿಗೆ ಸಾಲು ನಿಂತಿತ್ತು. ದೀಪ ಹಚ್ಚಿದ ಮೇಲೆ ತಂಬೂರಿ ಶ್ರುತಿ ಮಾಡಿಕೊಂಡು ಕೂತರೆ ಕೋಳಿ ಕೂಗುವವರೆಗೂ ಹಾಡುತ್ತಿದ್ದರು, ಆಗಲೂ ಕಥೆ ಮುಗಿದಿರುತ್ತಿರಲಿಲ್ಲ. ಧರೆಗೆ ದೊಡ್ಡವರೆಂದು ಕರೆಯುವ ಮಂಟೇಸ್ವಾಮಿಯ ಮಹಿಮೆಯನ್ನು ಹೀಗೆ ಹಾಡುವ ದೀಕ್ಷೆ ಪಡೆದವರನ್ನು ನಮ್ಮ ಸೀಮೆಯಲ್ಲಿ ನೀಲಗಾರರೆನ್ನುತ್ತೇವೆ. ಮಲೆ ಮಾದಪ್ಪನ ಕಥೆ ಹಾಡುವ ದೇವರಗುಡ್ಡರ ಕೈಯಲ್ಲಿ ಕಂಸಾಳೆ ಇದ್ದರೆ, ನೀಲಗಾರರ ಹೆಗಲ ಮೇಲೆ ತಂಬೂರಿ.

ಇಷ್ಟನ್ನೂ ಕಲಿತದ್ದು ಹೇಗೆಂದು ಚಿಕ್ಕವಳಿದ್ದಾಗ ಕೇಳಿದ್ದೆ. "ಕಲಿನಿಲ್ಲ ಕನವ್ವ, ಹಿಂದ್ಗಡ ಕೂತಿದ್ದಿ" ಎಂದಿದ್ದರು. ಅವರ ಕಲಿಕೆಯ ಇಡೀ ಕ್ರಮ ಆ ಮಾತಿನಲ್ಲಿದೆ. ನೀಲಗಾರನಾಗಬೇಕೆಂದು ಬಂದವನ ಕೈಗೆ ಯಾರೂ ಮೊದಲೇ ತಂಬೂರಿ ಕೊಡುವುದಿಲ್ಲ, ಹಿಮ್ಮೇಳದಲ್ಲಿ ಕೂರಿಸುತ್ತಾರೆ. ಮುಂದೆ ಕೂತ ಹಿರಿಯ ಹಾಡಿ ಬಿಟ್ಟ ಕಡೆ ಇವನು ಸೊಲ್ಲು ಹಿಡಿಯಬೇಕು. ಇರುಳೆಲ್ಲ ಅದೇ ಸೊಲ್ಲು. ತಾಳ ತಪ್ಪಬಾರದು, ತೂಕಡಿಸಬಾರದು. ತೂಕಡಿಸಿದರೆ ಪಕ್ಕದವನ ಮೊಣಕೈ ಪಕ್ಕೆಗೆ ತಗಲುತ್ತದೆ. ಹೀಗೆ ವರ್ಷಗಟ್ಟಲೆ ಕೂತವನಿಗೆ ಮುಂದಿನ ಸಾಲು ಯಾವುದೆಂದು ಹಿರಿಯ ಬಾಯಿ ತೆರೆಯುವ ಮೊದಲೇ ಗೊತ್ತಾಗತೊಡಗುತ್ತದೆ. ಹಿರಿಯನಿಗೆ ಗಂಟಲು ಕಟ್ಟಿದ ರಾತ್ರಿ ಇವನು ಮುಂದಕ್ಕೆ ಬರುತ್ತಾನೆ.

ತಾತ ಸೋಮವಾರ ಮಿಂದು, ಹಣೆಗೆ ಕಪ್ಪು ದೂಳ್ತ ಇಟ್ಟುಕೊಂಡು ಐದು ಮನೆಯ ಭಿಕ್ಷೆಗೆ ಹೋಗುತ್ತಿದ್ದರು. ಮನೆಯಲ್ಲಿ ರಾಗಿ ತುಂಬಿದ್ದರೂ ಹೋಗುತ್ತಿದ್ದರು, ಜ್ವರ ಬಂದಿದ್ದರೂ ಹೋಗುತ್ತಿದ್ದರು. ಅಪ್ಪನಿಗೆ ಇದು ಹಿಡಿಸುತ್ತಿರಲಿಲ್ಲ. ಕೇರಿಯವರು ತಲೆ ತಗ್ಗಿಸಿ ಬೇಡಿದ್ದು ಸಾಕು ಎಂಬುದು ಅವರ ಮಾತು. ಅಪ್ಪನ ಮಾತೂ ನಿಜ, ತಾತನ ನಿಷ್ಠೆಯೂ ನಿಜ. ಈ ಎರಡು ನಿಜಗಳ ನಡುವೆ ಬೆಳೆದವಳು ನಾನು. ನಂಜನಗೂಡು ತಾಲ್ಲೂಕಿನ ದೇವನೂರಿನವಳು, ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು.

ಈಗ ಸಂಜೆ ಹೊತ್ತು ನಮ್ಮ ಜಗಲಿಗೆ ಹುಡುಗ ಹುಡುಗಿಯರು ಬರುತ್ತಾರೆ. ಒಬ್ಬನಿಗೆ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕು, ಇನ್ನೊಬ್ಬನಿಗೆ ಎಫ್‌ಡಿಎ. ನರ್ಸಿಂಗ್ ಓದಬೇಕೆನ್ನುವವಳಿದ್ದಾಳೆ, ತಿ.ನರಸೀಪುರದಲ್ಲಿ ಸ್ವಂತ ಟೈಲರಿಂಗ್ ಅಂಗಡಿ ಇಡಬೇಕೆನ್ನುವವಳೂ ಇದ್ದಾಳೆ. ಗುರಿಯೇನೋ ಎಲ್ಲರಿಗೂ ಗೊತ್ತಿದೆ. ಗೋಡೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿಕೊಂಡಿದ್ದಾರೆ. ಹಾಗಿದ್ದೂ ಎಲ್ಲರ ದೂರು ಒಂದೇ: "ಮನಸ ನಿಲ್ಲಲ್ಲ ಕನ ಟೀಚರ್."

ಈ ದೂರು ಹೊಸದಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನ ಇದನ್ನೇ ಹೇಳುತ್ತಾನೆ. ಮನಸ್ಸು ಚಂಚಲ, ಬಲಶಾಲಿ, ಗಾಳಿಯನ್ನು ಹಿಡಿದಂತೆಯೇ ಇದನ್ನು ಹಿಡಿಯುವುದೂ ಕಷ್ಟ ಎನ್ನುತ್ತಾನೆ. ನನಗೆ ಮುಖ್ಯವೆನಿಸುವುದು ಕೃಷ್ಣ ಮೊದಲು ಕೊಡುವ ಉತ್ತರ. ಹೌದು, ಕಷ್ಟವೇ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಮೊಬೈಲಿನಲ್ಲಿ ಸಿಗುವ ಪ್ರೇರಣೆಯ ಭಾಷಣಕಾರರು ಈ ಒಂದು ಮಾತನ್ನು ಹೇಳುವುದೇ ಇಲ್ಲ. ಮನಸ್ಸು ಮಾಡಿದರೆ ಯಾವುದೂ ಕಷ್ಟವಲ್ಲ ಎಂದು ಅವರು ಕೂಗುತ್ತಾರೆ. ಆ ಮಾತನ್ನು ನಂಬಿದ ಮಕ್ಕಳು, ನಾಲ್ಕು ದಿನ ಓದಿ ಐದನೆಯ ದಿನ ಬಿಟ್ಟಾಗ, ತಮ್ಮಲ್ಲೇ ಏನೋ ಕೊರತೆಯಿದೆ ಎಂದು ಕುಗ್ಗುತ್ತಾರೆ. ಅಂಥ ಮುಖಗಳನ್ನು ನೋಡಿ ನನ್ನ ಹೊಟ್ಟೆ ಉರಿದಿದೆ. ಕಷ್ಟವನ್ನು ಕಷ್ಟ ಎಂದು ಹೇಳುವುದು ಗುರುವಿನ ಮೊದಲ ಕರುಣೆ.

ಕಷ್ಟವೆಂದು ಒಪ್ಪಿದ ಮೇಲೆ ಕೃಷ್ಣ ಎರಡು ಉಪಾಯ ಹೇಳುತ್ತಾನೆ, ಅಭ್ಯಾಸ ಮತ್ತು ವೈರಾಗ್ಯ. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲೂ ಇದೇ ಜೋಡಿ ಇದೆ. ಅಭ್ಯಾಸ ನೆಲೆಗೊಳ್ಳಬೇಕಾದರೆ ಬಹುಕಾಲ ನಡೆಯಬೇಕು, ನಡುವೆ ಬಿಡಬಾರದು, ಆದರದಿಂದ ಮಾಡಬೇಕು ಎಂದು ಪತಂಜಲಿ ಮೂರು ಷರತ್ತು ಹಾಕುತ್ತಾನೆ. ಸಂಸ್ಕೃತದ ಒಂದಕ್ಷರವೂ ತಿಳಿಯದ ನನ್ನ ತಾತ ಹಿಮ್ಮೇಳದಲ್ಲಿ ಮಾಡಿದ್ದು ಈ ಮೂರನ್ನೇ. ಅವರಲ್ಲಿ ನಾಲ್ಕನೆಯದೊಂದಿತ್ತು. ಅದು ಪಕ್ಕದವನ ಮೊಣಕೈ. ಗುಹೆಯಲ್ಲಿ ಒಬ್ಬನೇ ಕೂತು ಮನಸ್ಸನ್ನು ಗೆಲ್ಲುವವನ ಚಿತ್ರ ನಮಗೆಲ್ಲ ಪ್ರಿಯ. ನಮ್ಮ ಸೀಮೆಯ ಧರ್ಮಗಳು ನನಗೆ ತೋರಿಸಿದ್ದು ಬೇರೆ ಚಿತ್ರ. ಇಲ್ಲಿ ಮನಸ್ಸು ಪಳಗುವುದು ಹತ್ತು ಜನರ ನಡುವೆ.

ಅಭ್ಯಾಸಕ್ಕೆ ಬಹುಕಾಲ ಬೇಕೆಂಬ ಮಾತಿಗೆ ಈಚಿನ ಸಂಶೋಧಕರೂ ದೂರವಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರಿಗೆ ಒಂದೊಂದು ಹೊಸ ಅಭ್ಯಾಸ ರೂಢಿಸಿಕೊಳ್ಳಲು ಹೇಳಿ, ಅದು ತಾನಾಗಿ ನಡೆಯಲು ಎಷ್ಟು ದಿನ ಬೇಕೆಂದು ನೋಡಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸರಾಸರಿ 66 ದಿನ. ಕೆಲವರಿಗೆ 18 ದಿನ ಸಾಕಾಗಿತ್ತು, ಕೆಲವರಿಗೆ 254 ದಿನ ಬೇಕೆಂಬ ಲೆಕ್ಕ ಸಿಕ್ಕಿತು. ನಡುವೆ ಒಂದು ದಿನ ತಪ್ಪಿದರೆ ಕೆಲಸ ಕೆಡುವುದಿಲ್ಲ ಎಂದೂ ಕಂಡಿತು. ನಮ್ಮ ಹಿರಿಯರು 48 ದಿನದ ಮಂಡಲ ಹಿಡಿಯುತ್ತಾರೆ. ಲೆಕ್ಕ ಹೆಚ್ಚುಕಡಿಮೆ ಇರಲಿ, ಇಪ್ಪತ್ತೊಂದು ದಿನದಲ್ಲಿ ಬದುಕು ಬದಲಾಗುತ್ತದೆ ಎಂದು ಕೋಚಿಂಗ್ ಪೋಸ್ಟರುಗಳು ಕೊಡುವ ಭರವಸೆಗಿಂತ ಈ ಎರಡೂ ಪ್ರಾಮಾಣಿಕ. ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ 1999ರಲ್ಲಿ ಬರೆದ ಒಂದು ಲೇಖನವೂ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. 'ಚೆನ್ನಾಗಿ ಓದುತ್ತೇನೆ' ಎಂದು ಸಂಕಲ್ಪ ಮಾಡಿದವರಿಗಿಂತ 'ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ, ಇಂಥದನ್ನು ಮಾಡುತ್ತೇನೆ' ಎಂದು ಗೊತ್ತುಮಾಡಿಕೊಂಡವರು ಗುರಿ ಮುಟ್ಟುವುದು ಹೆಚ್ಚು ಎಂಬುದು ಅದರ ಸಾರ.

ಹೀಗೆ ಗೊತ್ತುಮಾಡಿಕೊಳ್ಳುವುದರ ಒಂದು ಪಾಲು ಹರಕೆಯಲ್ಲೂ ಇದೆ. ಕಪಿಲೆಯ ದಂಡೆಯಲ್ಲಿ ಮುಡಿ ಕೊಟ್ಟು, ಮಿಂದು, ನಂಜುಂಡನೆಂದು ಕರೆಯುವ ಶ್ರೀಕಂಠೇಶ್ವರನ ಮುಂದೆ ನಿಲ್ಲುವ ಜನರನ್ನು ನಂಜನಗೂಡಿನಲ್ಲಿ ವರ್ಷವಿಡೀ ನೋಡಬಹುದು. ಮಗ ಪಾಸಾದರೆ ಮುಡಿ, ಕೆಲಸ ಸಿಕ್ಕರೆ ಉರುಳುಸೇವೆ. ಇದನ್ನು ದೇವರ ಜತೆಗಿನ ವ್ಯಾಪಾರವೆಂದು ಹಳಿಯುವವರಿದ್ದಾರೆ. ನಾನು ಹಳಿಯಲಾರೆ. ತನಗೆ ಏನು ಬೇಕೆಂದು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ ಬಡವರಿಗೆ ಎಷ್ಟೋ ಸಲ ಹರಕೆಯ ನೆಪದಲ್ಲೇ ಬರುತ್ತದೆ. ಹೇಳಿದ ಮೇಲೆ ಊರೇ ಸಾಕ್ಷಿ. ಆದರೂ ನಂಜುಂಡನ ಮುಂದೆ ಹರಕೆ ಹೊತ್ತ ದಿನಕ್ಕೂ ತೀರಿಸುವ ದಿನಕ್ಕೂ ನಡುವೆ ನೂರಾರು ಬೆಳಗುಗಳಿವೆ. ಆ ಬೆಳಗುಗಳಲ್ಲಿ ಏಳುವುದು ಹೊತ್ತವನ ಪಾಲಿನ ಕೆಲಸ. ನಂಜುಂಡ ಅದನ್ನು ಮಾಡಿಕೊಡುವುದಿಲ್ಲ, ಮಾಡಿಕೊಡಬಾರದು ಕೂಡ.

ನಮ್ಮ ಅವ್ವನಿಗೆ ಹೊರಲು ಹರಕೆಯಿರಲಿಲ್ಲ, ಮಡಕೆಯೊಂದಿತ್ತು. ಬೇರೆಯವರ ಗದ್ದೆಯಲ್ಲಿ ಕಳೆ ಕಿತ್ತು, ನಾಟಿ ಹಾಕಿ ತಂದ ಅಕ್ಕಿಯನ್ನು ಸೇರಿನಲ್ಲಿ ಅಳೆದು, ಒಲೆಯ ಮೇಲಿಡುವ ಮೊದಲು ಅದರಿಂದ ಒಂದು ಹಿಡಿ ತೆಗೆದು ಮೂಲೆಯ ಮಡಕೆಗೆ ಹಾಕುತ್ತಿದ್ದಳು. ಅಳೆದದ್ದು ಎಷ್ಟು ಕಡಿಮೆಯಿದ್ದರೂ ಆ ಹಿಡಿ ತಪ್ಪುತ್ತಿರಲಿಲ್ಲ. ಅನ್ನ ಸಾಲದೆ ನಾವು ಅತ್ತ ರಾತ್ರಿಯೂ ತಪ್ಪಲಿಲ್ಲ. ತಿಂಗಳ ಕೊನೆಗೆ ಮಡಕೆಯ ಅಕ್ಕಿಯಲ್ಲಿ ಒಂದು ಪಾಲು ದಾಸೋಹಕ್ಕೆ, ಉಳಿದದ್ದು ಮಾರಿ ನನ್ನ ಪುಸ್ತಕಕ್ಕೆ. ನಮ್ಮೂರಿನ ಗುರುಮಲ್ಲೇಶ್ವರ ಮಠ ದಾಸೋಹಕ್ಕೆ ಹೆಸರಾದದ್ದು. ಅವ್ವ ಒಳಗೆ ಹೋಗಿ ಕೂತವಳಲ್ಲ, ಕೊಡುವುದನ್ನು ಮಾತ್ರ ಬಿಡಲಿಲ್ಲ.

ನಾನು ಟೀಚರ್ ಆಗಬೇಕೆಂಬುದು ನನಗಿಂತ ಮೊದಲು ಅವ್ವನ ಗುರಿ. ಆ ಗುರಿಯನ್ನು ಅವಳು ಬಾಯಲ್ಲಿ ಆಡಿದ್ದು ನನಗೆ ನೆನಪಿಲ್ಲ. ಅದು ಅವಳ ಕೈಗೆ ಗೊತ್ತಿತ್ತು. ಅಕ್ಕಿ ಅಳೆದ ಕೂಡಲೇ ಕೈ ಮಡಕೆಯ ಕಡೆ ಹೋಗುತ್ತಿತ್ತು. ಇವತ್ತು ಹಾಕಲೋ ಬೇಡವೋ ಎಂಬ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ. ಮನಸ್ಸಿನ ಅಭ್ಯಾಸ ಎಂದು ದೊಡ್ಡವರು ಕರೆಯುವುದು ಕೊನೆಗೆ ಇದೇ ಎಂದು ನಾನು ನಂಬಿದ್ದೇನೆ. ದಿನದಿನವೂ ಹೊಸದಾಗಿ ತೀರ್ಮಾನ ಮಾಡುವ ಕಷ್ಟವನ್ನು ಮನಸ್ಸಿನಿಂದ ಇಳಿಸಿ ಕೈಗೆ ಒಪ್ಪಿಸುವುದು. ದಣಿದು ಬಂದ ಕೂಲಿಯ ಹೆಂಗಸಿಗೆ ದೊಡ್ಡ ಸಂಕಲ್ಪ ಮಾಡುವ ಶಕ್ತಿ ಎಲ್ಲಿಂದ ಬರಬೇಕು? ಒಂದು ಹಿಡಿ ಎತ್ತುವ ಶಕ್ತಿ ಇರುತ್ತದೆ.

ಅವ್ವನ ಹಿಡಿ ಅಕ್ಕಿ ನೆನೆದಾಗಲೆಲ್ಲ ನನಗೆ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅವನನ್ನು ತಡೆದು, ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಕಳಿಸಿದಳು. ಪತಂಜಲಿ ವೈರಾಗ್ಯ ಎಂದದ್ದನ್ನು ನಾವು ಕಾವಿಗೆ, ಕಾಡಿಗೆ ಕಟ್ಟಿಹಾಕಿದ್ದೇವೆ. ಲಕ್ಕಮ್ಮ ಅದನ್ನು ಅಡುಗೆಮನೆಯಲ್ಲಿ ಮಾಡಿ ತೋರಿಸಿದಳು. ಎಷ್ಟು ಬೇಕು ಎಂಬುದು ಅವಳಿಗೆ ಗೊತ್ತಿತ್ತು, ಎಷ್ಟಕ್ಕೆ ಸಾಕು ಎಂಬುದೂ ಗೊತ್ತಿತ್ತು. ಗುರಿಯಿಟ್ಟುಕೊಂಡವರು ಈ ಎರಡನೆಯದನ್ನು ಕಲಿಯದಿದ್ದರೆ ಮೊದಲನೆಯದೂ ಕೈಗೂಡುವುದಿಲ್ಲ. ಎಫ್‌ಡಿಎ ಓದುತ್ತಲೇ ರೀಲ್ಸ್, ರೀಲ್ಸ್ ನೋಡುತ್ತಲೇ ಕ್ರಿಕೆಟ್ಟಿನ ಸ್ಕೋರು, ಅದರ ನಡುವೆ ಷೇರು ಮಾರ್ಕೆಟ್ಟಿನಲ್ಲಿ ದುಡ್ಡು ಮಾಡುವ ಉಪಾಯ. ಇವುಗಳಲ್ಲಿ ಯಾವುದನ್ನು ಅಂಗಳಕ್ಕೆ ಸುರಿದು ಬರುವೆ ಎಂದು ನಾನು ಮಕ್ಕಳನ್ನು ಕೇಳುತ್ತೇನೆ. ಅಭ್ಯಾಸದ ಬಗ್ಗೆ ಮಾತಾಡುವಾಗ ಏನು ಹಿಡಿಯಬೇಕೆಂದಷ್ಟೇ ಹೇಳಿ ನಿಲ್ಲಿಸುವುದು ಅರ್ಧ ಮಾತು.

ಇಷ್ಟರಲ್ಲೇ ಮುಗಿಸಿದರೆ ನನ್ನ ಕೇರಿಯ ಮಕ್ಕಳಿಗೆ ಮೋಸ ಮಾಡಿದಂತಾಗುತ್ತದೆ. ಅಭ್ಯಾಸ ಎಂಬುದು ತಾನಾಗಿ ಒಳ್ಳೆಯದಲ್ಲ. ನಾನು ಹುಡುಗಿಯಾಗಿದ್ದಾಗ ಹತ್ತಿರದ ಊರೊಂದರ ಹೋಟೆಲಿನಲ್ಲಿ ನಮ್ಮ ಕೇರಿಯವರಿಗೆ ಬೇರೆ ಲೋಟ ಇಡುತ್ತಿದ್ದರು. ಟೀ ಸುರಿಯುವವನ ಮುಖದಲ್ಲಿ ಸಿಟ್ಟಾಗಲಿ ದ್ವೇಷವಾಗಲಿ ಕಾಣುತ್ತಿರಲಿಲ್ಲ. ಅವನ ಕೈಗೆ ರೂಢಿಯಾಗಿತ್ತು. ಅವ್ವನ ಕೈ ಮಡಕೆಯ ಕಡೆ ಹೋದಷ್ಟೇ ಸಲೀಸಾಗಿ ಅವನ ಕೈ ಸೂರಿನಲ್ಲಿ ಸಿಕ್ಕಿಸಿದ ಲೋಟದ ಕಡೆ ಹೋಗುತ್ತಿತ್ತು. ನಮ್ಮ ಕಡೆಯೂ ಒಂದು ರೂಢಿಯಿತ್ತು. ಕುಡಿದು, ತೊಳೆದು, ಅಲ್ಲೇ ಸಿಕ್ಕಿಸಿ ಬರುತ್ತಿದ್ದೆವು. ಯಾರೂ ಹೇಳಬೇಕಾಗಿರಲಿಲ್ಲ.

1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆಂದು ಅಂಬೇಡ್ಕರ್ ಒಂದು ಭಾಷಣ ಸಿದ್ಧಮಾಡಿದರು. ಅದರ ವಿಚಾರಗಳಿಗೆ ಸಂಘಟಕರು ಹಿಂಜರಿದು ಸಮ್ಮೇಳನವೇ ನಿಂತುಹೋಯಿತು. ಬಾಬಾಸಾಹೇಬರು ಆ ಭಾಷಣವನ್ನು ತಾವೇ ಅಚ್ಚು ಹಾಕಿಸಿದರು. ಜಾತಿ ಎಂಬುದು ಇಟ್ಟಿಗೆಯ ಗೋಡೆಯಂತೆ ಕೆಡವಬಹುದಾದ ವಸ್ತುವಲ್ಲ, ಅದೊಂದು ಮನಸ್ಸಿನ ಸ್ಥಿತಿ ಎಂದು ಅವರು ಅಲ್ಲಿ ವಾದಿಸುತ್ತಾರೆ. ಮನಸ್ಸಿನ ಅಭ್ಯಾಸಗಳ ಬಗ್ಗೆ ಈ ದೇಶದಲ್ಲಿ ಬರೆದ ಪುಸ್ತಕಗಳಲ್ಲಿ ನಾನು ಅತಿ ದೊಡ್ಡದೆಂದು ಎಣಿಸುವುದು ಅದನ್ನೇ. ಮನಸ್ಸನ್ನು ಕಟ್ಟುವ ಮೊದಲು ಅದರಲ್ಲಿ ಬೇರೆಯವರು ಕಟ್ಟಿಟ್ಟದ್ದನ್ನು ಕೆಡವಬೇಕು ಎಂಬ ಅರಿವು ನನಗೆ ಅಲ್ಲಿಂದ ಬಂತು.

ನಮ್ಮ ಮಕ್ಕಳೊಳಗೆ ಕಟ್ಟಿಟ್ಟದ್ದು ಯಾವುದು? "ನಮ್ಮಂತೋರ್ಗಲ್ಲ" ಎಂಬ ಮಾತು. ಒಳ್ಳೆಯ ಕಾಲೇಜು ನಮ್ಮಂತೋರ್ಗಲ್ಲ, ಇಂಗ್ಲಿಷು ನಮ್ಮಂತೋರ್ಗಲ್ಲ, ಸಂದರ್ಶನದಲ್ಲಿ ಎದುರಿಗೆ ಕೂತು ಮಾತಾಡುವುದು ನಮ್ಮಂತೋರ್ಗಲ್ಲ. ಆಸೆ ಹುಟ್ಟುವ ಮೊದಲೇ ಅದರ ಕತ್ತು ಹಿಸುಕುವ ಈ ಅಭ್ಯಾಸ ತಲೆತಲಾಂತರದ್ದು. ವೈಯಕ್ತಿಕ ಗುರಿ ಎಂಬುದನ್ನು ಸ್ವಾರ್ಥವೆಂದು ಉಪದೇಶಿಸುವವರನ್ನು ಕಂಡಾಗ ನನಗೆ ಈ ಮಾತು ನೆನಪಾಗುತ್ತದೆ. ಯಾರಿಗೆ ಏನು ಬೇಕಾದರೂ ಆಗುವ ಅವಕಾಶ ಮೊದಲಿನಿಂದ ಇತ್ತೋ ಅವರು ಆಸೆ ಬಿಡುವ ಮಾತಾಡಲಿ. ಗುರಿಯಿಟ್ಟುಕೊಳ್ಳುವುದನ್ನೇ ನಿಷೇಧಿಸಿದ್ದ ಕೇರಿಯಲ್ಲಿ ಒಬ್ಬ ಹುಡುಗಿ "ನನಗೆ ಇದು ಬೇಕು" ಎಂದರೆ ಅದು ಧರ್ಮದ ಮಾತು.

ನಮ್ಮೂರಿನ ಹೆಸರು ಕನ್ನಡದ ಓದುಗರಿಗೆಲ್ಲ ತಿಳಿದದ್ದು 1973ರ 'ದ್ಯಾವನೂರು' ಕಥಾಸಂಕಲನದಿಂದ. ದೇವನೂರ ಮಹಾದೇವ ಹುಟ್ಟಿದ್ದು 1948ರಲ್ಲಿ, ಇದೇ ಊರಿನಲ್ಲಿ. ಅವರ 'ಒಡಲಾಳ'ದ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತ ಅಲೆಯುತ್ತಾಳೆ. ಆ ಮುದುಕಿಯ ಹುಂಜವನ್ನು ಅವರು ಒಂದು ಸಾಮ್ರಾಜ್ಯದಷ್ಟು ಗೌರವದಿಂದ ಬರೆದಿದ್ದಾರೆ. ಬಡವರ 'ಬೇಕು' ಎಂಬುದಕ್ಕೆ ಅಷ್ಟು ಬೆಲೆ ಕೊಟ್ಟ ಈ ಲೇಖಕರು ತಮ್ಮ ಪಾಲಿಗೆ ಬಂದದ್ದರ ಬಗ್ಗೆ ರೂಢಿಸಿಕೊಂಡದ್ದು 'ಬೇಡ' ಎನ್ನುವುದನ್ನು. ಕಥೆ, ಕಾದಂಬರಿಯೆಂದು ಬರೆದದ್ದು ತೆಳ್ಳಗಿನ ಮೂರು ಪುಸ್ತಕ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಕೆಲಸ ಬಿಟ್ಟು ಬೇಸಾಯಕ್ಕಿಳಿದರು. 2010ರಲ್ಲಿ ನೃಪತುಂಗ ಪ್ರಶಸ್ತಿ ಬಂದಾಗ, ಶಾಲೆಯಲ್ಲಿ ಕನ್ನಡ ಶಿಕ್ಷಣ ಮಾಧ್ಯಮವಾಗದೆ ಇದು ನನಗೆ ಬೇಡ ಎಂದರು. 'ಕುಸುಮಬಾಲೆ'ಗೆ 1990ರಲ್ಲಿ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ 2011ರ ಪದ್ಮಶ್ರೀಯನ್ನೂ 2015ರಲ್ಲಿ, ದೇಶದಲ್ಲಿ ಅಸಹನೆ ಹೆಚ್ಚುತ್ತಿದೆ ಎಂದು, ಹಿಂದಿರುಗಿಸಿದರು. ಇಂಥ ನಿರಾಕರಣೆ ಒಂದು ದಿನದ ಆವೇಶದಲ್ಲಿ ಬರುವಂಥದ್ದಲ್ಲ. ಚಿಕ್ಕಚಿಕ್ಕ ವಿಷಯಗಳಲ್ಲಿ 'ಬೇಡ' ಎಂದು ಪಳಗಿದ ಮನಸ್ಸಿಗೆ ಮಾತ್ರ ದೊಡ್ಡದರ ಮುಂದೆ ಆ ಮಾತು ಹೊರಡುತ್ತದೆ. ಲಕ್ಕಮ್ಮನ ಅಂಗಳಕ್ಕೂ ದೇವನೂರಿಗೂ ಎಂಟು ನೂರು ವರ್ಷಗಳ ದೂರವಿದ್ದರೂ ಹೆಚ್ಚಿನ ಅಕ್ಕಿ ಸುರಿದು ಬರುವ ದಾರಿ ಒಂದೇ.

ಗುರಿ ಮುಟ್ಟದಿದ್ದರೆ? ಈ ಪ್ರಶ್ನೆಯನ್ನು ಮಕ್ಕಳು ಕೇಳುವುದಿಲ್ಲ, ಅವರ ಅಪ್ಪ ಅವ್ವಂದಿರು ಕೇಳುತ್ತಾರೆ. ಹುದ್ದೆಗಳು ಕೆಲವೇ, ಅರ್ಜಿ ಹಾಕುವವರು ಲಕ್ಷ. ಕರ್ಮದಲ್ಲಿ ಮಾತ್ರ ನಿನಗೆ ಅಧಿಕಾರ, ಫಲದಲ್ಲಿಲ್ಲ ಎಂಬ ಗೀತೆಯ ಮಾತನ್ನು ಕೂಲಿಯವಳ ಮಗಳಿಗೆ ಹೇಳಲು ನನ್ನ ನಾಲಗೆ ಬಹಳ ತಡವರಿಸುತ್ತದೆ. ತಲೆತಲಾಂತರ ದುಡಿದು ಫಲವನ್ನು ಬೇರೆಯವರ ಕಣಜಕ್ಕೆ ತುಂಬಿದವರಿಗೆ ಈ ಮಾತನ್ನು ಬಹಳ ಜನ ತಮ್ಮ ಅನುಕೂಲಕ್ಕೆ ಹೇಳಿದ್ದಾರೆ. ಹಾಗಾಗಿ ನಾನು ಅದನ್ನು ಹೀಗೆ ಹೇಳುತ್ತೇನೆ: ಫಲ ನಿನ್ನ ಹಕ್ಕು, ಅದನ್ನು ಕೇಳು, ಅದಕ್ಕಾಗಿ ಜಗಳವಾಡು. ಆದರೆ ರಿಸಲ್ಟ್ ಬರುವ ದಿನದ ಮೇಲೆ ಇವತ್ತಿನ ಬೆಳಗನ್ನು ನೇತುಹಾಕಬೇಡ. ಬೆಳಗಿನ ಓದು ನಿನ್ನದು. ಅದನ್ನು ಯಾವ ಆಯೋಗವೂ ರದ್ದು ಮಾಡಲಾರದು.

ನನ್ನ ಜಗಲಿಗೆ ಬರುತ್ತಿದ್ದ ಒಬ್ಬಳು ಈಗ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಜತೆಗೇ ಓದುತ್ತಿದ್ದ ಹುಡುಗನಿಗೆ ಕಾನ್‌ಸ್ಟೇಬಲ್ ಕೆಲಸ ಸಿಗಲಿಲ್ಲ. ವಯಸ್ಸು ಮೀರಿತು, ಆಟೋ ಓಡಿಸುತ್ತಾನೆ. ಸವಾರಿ ಇಲ್ಲದ ಹೊತ್ತಿನಲ್ಲಿ ಸ್ಟ್ಯಾಂಡಿನಲ್ಲಿ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾನೆ, ಪಿಂಚಣಿಯ ಅರ್ಜಿ ಬರೆಸಿಕೊಳ್ಳಲು ಮುದುಕಿಯರು ಅವನ ಆಟೋ ಹುಡುಕಿಕೊಂಡು ಬರುತ್ತಾರೆ. ಅವನಿಗೆ ಸಿಗದ ಕೆಲಸದ ನೋವು ನನಗಿದೆ, ಅದನ್ನು ಮರೆಮಾಚಲಾರೆ. ಓದಿನ ಅಭ್ಯಾಸ ಅವನನ್ನು ಬಿಟ್ಟುಹೋಗಲಿಲ್ಲ ಎಂಬುದೂ ನಿಜ.

ಅವರಿಬ್ಬರೂ ಓದಿದ ಕ್ರಮ ತಾತನದೇ. ಮೊದಲು ಇಬ್ಬರೂ ಮನೆಯಲ್ಲಿ ಒಬ್ಬೊಬ್ಬರೇ ಕೂತು ಓದಲು ನೋಡಿದರು. ಒಂದೇ ಕೋಣೆಯ ಆ ಮನೆಗಳಲ್ಲಿ ಟಿ.ವಿ. ಧಾರಾವಾಹಿ, ತಮ್ಮಂದಿರ ಗಲಾಟೆ, ಒಲೆಯ ಹೊಗೆ. ಅಲಾರಂ ಇಟ್ಟರು, ಅದನ್ನು ನಿಲ್ಲಿಸಿ ಮಲಗಿದರು. ಕೊನೆಗೆ ಜಗಲಿಯಲ್ಲಿ ಹೊತ್ತು ಗೊತ್ತುಮಾಡಿದೆವು. ದನ ಕಟ್ಟಿ, ಕೈಕಾಲು ತೊಳೆದು ಬರಬೇಕು, ಮೊಬೈಲು ಒಳಗಿನ ಗೂಡಿನಲ್ಲಿಡಬೇಕು. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಅದರ ಮುಖ್ಯ ಮಾತನ್ನು ತಿರುಗಿ ಹೇಳಬೇಕು. ಓದುವವರು ದಣಿದರೆ ಪಕ್ಕದವರು ಮುಂದುವರಿಸಬೇಕು. ಬಾರದವರ ಮನೆಗೆ ಹೋಗಿ ಕರೆದುಕೊಂಡು ಬರುವುದು ಗುಂಪಿನ ಕೆಲಸ. ಒಬ್ಬರ ಮನಸ್ಸು ಸೋತ ದಿನ ಇನ್ನೊಬ್ಬರದು ನಿಂತಿರುತ್ತಿತ್ತು.

ತಾತನಿಗೆ ಪ್ರಾಣವಾಗಿದ್ದ ಸಾಲು, ಎಂದರೆ ಕಾವ್ಯದ ಕಥಾಭಾಗ, ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋದದ್ದು. ಕಳಿಸಿದವನು ಗುರು ಮಂಟೇಸ್ವಾಮಿ. ಮನೆಯ ತುಂಬ ಕಬ್ಬಿಣವಿಟ್ಟುಕೊಂಡ ಪಾಂಚಾಳರು ಇಲ್ಲವೆನ್ನುತ್ತಾರೆ. ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ಸಿದ್ಧಪ್ಪಾಜಿ ಸೋಲುವ ಗಳಿಗೆಗಳಿವೆ, ಗುರುವನ್ನು ಕೂಗಿ ಅಳುವ ಗಳಿಗೆಗಳಿವೆ. ಆದರೂ ಬರಿಗೈಯಲ್ಲಿ ಮರಳುವುದಿಲ್ಲ. ಅವನು ಬೇಡಿದ ಕಬ್ಬಿಣ ತನಗಾಗಿ ಅಲ್ಲ. ಆ ಸಾಲನ್ನು ತಾತ ಹಾಡುವಾಗ ಕೇರಿಯ ಗಂಡಸರು ಹೆಂಗಸರು ಅಳುತ್ತಿದ್ದುದನ್ನು ಕಂಡಿದ್ದೇನೆ. ಪ್ರತಿ ವರ್ಷ ಬಾನದ ಹುಣ್ಣಿಮೆಗೆ ಸಿದ್ಧಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಚಂದ್ರಮಂಡಲ ನೋಡಲು ಕಿಕ್ಕಿರಿದು ಸೇರುವ ಜನ ಆ ಕಥೆಯನ್ನು ಇವತ್ತಿಗೂ ತಮ್ಮದೆಂದುಕೊಂಡಿದ್ದಾರೆ. ಬೇಡಲು ಹೋದವನನ್ನು ಅವಮಾನಿಸಿದವರ ಎದುರು ಅವನು ಮತ್ತೆ ಮತ್ತೆ ನಿಂತದ್ದೇ ಅವರ ಪಾಲಿಗೆ ದೈವತ್ವ. ಅಪ್ಪ ಭಿಕ್ಷೆಯನ್ನು ಒಪ್ಪದವರು, ಆದರೆ ಆ ಸಾಲಿಗೆ ಅವರೂ ಎದ್ದು ಹೋಗುತ್ತಿರಲಿಲ್ಲ.

ಗುರಿ ತನ್ನೊಬ್ಬನದೇ ಆಗಿದ್ದರೆ ಮನಸ್ಸು ಅದನ್ನು ಬೇಗ ಕೈಬಿಡುತ್ತದೆ, ಯಾಕೆಂದರೆ ಕೇಳುವವರು ಯಾರೂ ಇಲ್ಲ. ನನಗಾಗಿ ಅವ್ವ ಹಿಡಿ ಎತ್ತಿಟ್ಟಳು. ನಾನು ಬೇಸಿಗೆಯ ಮಧ್ಯಾಹ್ನ ಪುಸ್ತಕ ಮುಚ್ಚಬೇಕೆನಿಸಿದಾಗ ಆ ಮಡಕೆಯನ್ನು ನೋಡಿ ಮುಚ್ಚದೆ ಕೂತೆ. ಬೇರೆಯವರ ಹಸಿವು ಸೇರಿಕೊಂಡ ಗುರಿಗೆ ಬೇರು ಆಳಕ್ಕಿಳಿಯುತ್ತದೆ. ದಾಸೋಹದ ಅರ್ಥ ನನ್ನ ಮಟ್ಟಿಗೆ ಇದು: ದಕ್ಕಿದ್ದರಲ್ಲಿ ಕೊನೆಗೆ ಒಂದು ಪಾಲು ಕೊಡುವುದಕ್ಕಿಂತ ಮೊದಲೇ, ಗುರಿಯಿಡುವ ದಿನವೇ, ಅದರಲ್ಲಿ ಇನ್ನೊಬ್ಬರಿಗೆ ಜಾಗ ಮಾಡುವುದು. ನರ್ಸ್ ಆದವಳು ಊರಿಗೆ ಬಂದಾಗಲೆಲ್ಲ ಜಗಲಿಗೆ ಬಂದು ಚಿಕ್ಕವರಿಗೆ ಜೀವಶಾಸ್ತ್ರ ಹೇಳಿಕೊಡುತ್ತಾಳೆ. ಇದನ್ನು ನಾನು ಅವಳಿಗೆ ಹೇಳಿಕೊಟ್ಟವಳಲ್ಲ.

ಹಾಗಾಗಿ ಈ ಬರಹ ಓದುವ ದೊಡ್ಡವರಲ್ಲಿ ನನ್ನದೊಂದು ಬೇಡಿಕೆಯಿದೆ. ಮಕ್ಕಳಿಗೆ ಮನಸ್ಸನ್ನು ಹಿಡಿತದಲ್ಲಿಟ್ಟುಕೋ ಎಂದು ಹೇಳುವುದನ್ನು ಸ್ವಲ್ಪ ದಿನ ನಿಲ್ಲಿಸೋಣ. ಒಂದು ಕೋಣೆಯ ಮನೆಯಲ್ಲಿ ಬೆಳೆಯುವ ಮಗುವಿನ ಮನಸ್ಸಿಗೆ ಮೊದಲು ಒಂದು ಜಾಗ ಬೇಕು, ಗೊತ್ತಾದ ಹೊತ್ತು ಬೇಕು, ಪಕ್ಕದಲ್ಲಿ ಕೂರುವ ನಾಲ್ಕು ಜನ ಬೇಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರಿದೆ. ನಿಮ್ಮೂರಿನದು ಕೂಲಿಯಿಂದ ಮಕ್ಕಳು ಮರಳುವ ಹೊತ್ತಿಗೆ ಬಾಗಿಲು ಹಾಕಿರುತ್ತದೆಯೇ ಎಂದು ಇವತ್ತು ಸಂಜೆ ಹೋಗಿ ನೋಡಿ. ಹಾಕಿದ್ದರೆ, ರಾತ್ರಿ ಒಂಬತ್ತರವರೆಗೆ ತೆರೆದಿಡಬೇಕು, ದೀಪ ಉರಿಯಬೇಕು, ಹೆಣ್ಣುಮಕ್ಕಳು ಬಂದು ಹೋಗಲು ದಾರಿಯಲ್ಲಿ ಬೆಳಕಿರಬೇಕು ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಒಂದು ಸಭೆಯಲ್ಲಿ ಆಗದಿದ್ದರೆ ಅದರ ಮುಂದಿನ ಸಭೆಯಲ್ಲೂ ಕೇಳಿ.